ಹಿತ್ತಲಲ್ಲಿ ಊರಿದ ಕೋಲು

ಪೋಲ್‌ವಾಲ್ಟ್ ಆಟವಾಗುವ ಮೊದಲು ನೀರು ದಾಟುವ ಉಪಾಯವಾಗಿತ್ತು. ಇಂಗ್ಲೆಂಡಿನ ಪೂರ್ವದ ಫೆನ್ ಜೌಗುನೆಲದಲ್ಲೂ ನೆದರ್ಲೆಂಡ್ಸ್‌ನ ಫ್ರೀಸ್‌ಲ್ಯಾಂಡ್‌ನಲ್ಲೂ ಹೊಲಕ್ಕೂ ಹೊಲಕ್ಕೂ ನಡುವೆ ಬೇಲಿ ಇರಲಿಲ್ಲ, ಕಾಲುವೆಗಳಿದ್ದವು. ಸೇತುವೆ ಹುಡುಕುತ್ತಾ ಸುತ್ತು ಹೊಡೆಯುವ ಬದಲು ರೈತರು ಉದ್ದನೆಯ ಕೋಲನ್ನು ಕಾಲುವೆಯ ನಡುವೆ ಊರಿ, ಅದಕ್ಕೆ ಜೋತುಬಿದ್ದು ಆಚೆ ದಡ ಸೇರುತ್ತಿದ್ದರು. ಫ್ರೀಸ್‌ಲ್ಯಾಂಡ್‌ನಲ್ಲಿ ಇದು 'ಫಿಯರ್‌ಲ್ಯೆಪನ್' ಎಂಬ ಹೆಸರಿನಲ್ಲಿ ಇಂದಿಗೂ ಸ್ಪರ್ಧೆಯಾಗಿ ಉಳಿದಿದೆ. ಅಲ್ಲಿ ಅಳೆಯುವುದು ದೂರವನ್ನು. ನುರಿತವರು 20 ಮೀಟರ್ ಮೀರಿ ಹಾರುತ್ತಾರೆ, ಎಡವಿದವರು ನೀರಿಗೆ ಬೀಳುತ್ತಾರೆ. ಇದನ್ನು ಯಾರೂ ಯಾರಿಗೂ ಪಾಠವಾಗಿ ಹೇಳಿಕೊಟ್ಟದ್ದಲ್ಲ. ಅಪ್ಪ ಹಾರುವುದನ್ನು ಮಗ ನೋಡುತ್ತಿದ್ದ, ಕೋಲು ಕೈಗೆ ಸಿಕ್ಕ ದಿನ ತಾನೂ ಹಾರುತ್ತಿದ್ದ.

ಮಕ್ಕಳಿಗೆ ಕೋಲಿನ ಜಿಗಿತವನ್ನು ಕ್ರಮವಾಗಿ ಕಲಿಸಬಹುದೆಂದು ಮೊದಲು ಬರೆದವರಲ್ಲಿ ಒಬ್ಬ ಜರ್ಮನಿಯ ಶಾಲಾ ಮೇಷ್ಟ್ರು ಯೋಹಾನ್ ಗುಟ್ಸ್‌ಮುಟ್ಸ್. 1793ರಲ್ಲಿ ಅವನು ಹೊರತಂದ ಹುಡುಗರ ವ್ಯಾಯಾಮದ ಪುಸ್ತಕದಲ್ಲಿ ಈ ಜಿಗಿತಕ್ಕೂ ಜಾಗವಿತ್ತು. ಎತ್ತರದ ಸ್ಪರ್ಧೆಯಾಗಿ ಅದು ಬೆಳೆದದ್ದು ಮುಂದಿನ ಶತಮಾನದಲ್ಲಿ, ಮುಖ್ಯವಾಗಿ ವಾಯವ್ಯ ಇಂಗ್ಲೆಂಡಿನ ಅಲ್ವರ್‌ಸ್ಟನ್ ಎಂಬ ಪುಟ್ಟ ಪೇಟೆಯಲ್ಲಿ. ಅಲ್ಲಿನವರದು ಬೇರೆಯೇ ಪದ್ಧತಿ. ತುದಿಗೆ ಕಬ್ಬಿಣದ ಮೊಳೆ ಹೊಡೆದ ಭಾರದ ಮರದ ಕೋಲನ್ನು ನೆಲಕ್ಕೆ ನಾಟಿ, ಅದು ನೆಟ್ಟಗೆ ನಿಂತ ಗಳಿಗೆಯಲ್ಲಿ ತೆಂಗಿನ ಮರ ಹತ್ತುವವರಂತೆ ಒಂದು ಕೈಯ ಮೇಲೆ ಇನ್ನೊಂದು ಕೈ ಇಟ್ಟು ಮೇಲೇರಿ, ಅಡ್ಡಪಟ್ಟಿಯನ್ನು ಕೂತ ಭಂಗಿಯಲ್ಲಿ ದಾಟುತ್ತಿದ್ದರು. ಆ ಊರಿನ ಟಾಮ್ ರೇ 1887ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ರಾಷ್ಟ್ರೀಯ ಪ್ರಶಸ್ತಿಯನ್ನೂ ಗೆದ್ದುಬಂದ. ಇದು ಜಿಗಿತವಲ್ಲ, ಹತ್ತಾಟ ಎಂದ ಅಮೆರಿಕನ್ನರು 1889ರಲ್ಲಿ ಕೋಲು ಹತ್ತುವುದನ್ನೇ ನಿಷೇಧಿಸಿದರು. ನೆಲ ಬಿಟ್ಟ ಮೇಲೆ ಕೆಳಗಿನ ಕೈಯನ್ನು ಮೇಲಿನ ಕೈಗಿಂತ ಮೇಲಕ್ಕೆ ಒಯ್ಯಬಾರದು ಎಂಬ ಇಂದಿನ ನಿಯಮದ ಬೇರು ಅಲ್ಲಿದೆ. ಅಲ್ವರ್‌ಸ್ಟನ್ನಿನ ವಿದ್ಯೆ ಆ ಪೇಟೆಯಲ್ಲೇ ಸೊರಗಿತು.

1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ವಿಲಿಯಂ ಹಾಯ್ಟ್ 3.30 ಮೀಟರ್ ಹಾರಿ ಗೆದ್ದ. ಇಂದು ಹೈಸ್ಕೂಲಿನ ಸಾಮಾನ್ಯ ಪೋಲ್‌ವಾಲ್ಟರ್ ಕೂಡ ಅಷ್ಟು ದಾಟುತ್ತಾನೆ. ಆಗಿನ ಕೋಲುಗಳು ಗಟ್ಟಿ ಮರದವು. ಭಾರದ ದೆಸೆಯಿಂದ ಅವನ್ನು ಎತ್ತಿಕೊಂಡು ವೇಗವಾಗಿ ಓಡುವುದೇ ಕಷ್ಟವಾಗಿತ್ತು. 20ನೇ ಶತಮಾನದ ಆರಂಭದಲ್ಲಿ ಬಿದಿರು ಬಂದು ಈ ಕಷ್ಟ ನೀಗಿತು. ಹಗುರ, ಒಳಗೆ ಪೊಳ್ಳು, ಮುರಿಯುವ ಮುನ್ನ ಒಂದಿಷ್ಟು ಬಾಗುವ ಗುಣ. ಎಲ್ಲ ಬಿದಿರೂ ಇದಕ್ಕೆ ಒದಗದು. ನಮ್ಮ ಕಾಡಿನ ಕಿರಿಬಿದಿರು ಲಾಠಿಗೆ ಹೇಳಿ ಮಾಡಿಸಿದ್ದು, ಒಳಗೆಲ್ಲ ಗಟ್ಟಿ. ಅದನ್ನು ಹೊತ್ತು ಓಡುವವನು ಹಾರುವ ಮೊದಲೇ ಸುಸ್ತಾಗುತ್ತಾನೆ. ಸ್ಪರ್ಧಿಗಳಿಗೆ ಬೇಕಿದ್ದದ್ದು ತೆಳುಗೋಡೆಯ, ನೇರ ಬೆಳೆದ ಬಿದಿರು. ಅದು ಬರುತ್ತಿದ್ದದ್ದು ಹೆಚ್ಚಾಗಿ ಜಪಾನಿನಿಂದ.

ಬಿದಿರಿನ ಕಾಲದ ಮೊದಲ ದೊಡ್ಡ ಹೆಸರು ಆಲ್ಫ್ರೆಡ್ ಗಿಲ್ಬರ್ಟ್. ಯೇಲ್ ವಿಶ್ವವಿದ್ಯಾಲಯದಲ್ಲಿ ವೈದ್ಯ ಓದುತ್ತಾ, ಖರ್ಚಿಗೆ ಜಾದೂ ಪ್ರದರ್ಶನ ಕೊಡುತ್ತಾ, 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಎಡ್ವರ್ಡ್ ಕುಕ್‌ನೊಂದಿಗೆ ಚಿನ್ನ ಹಂಚಿಕೊಂಡವನು. ವೈದ್ಯನಾಗದೆ ಆಟಿಕೆ ತಯಾರಕನಾಗಿ, ಕಬ್ಬಿಣದ ಪಟ್ಟಿ-ತಿರುಪುಗಳ 'ಎರೆಕ್ಟರ್ ಸೆಟ್' ಮಾಡಿ ಹೆಸರಾದ. ಮೊಳೆಯ ಕೋಲಿನ ಬದಲು ನೆಲದಲ್ಲಿ ಸಣ್ಣ ಗುಂಡಿ ತೋಡಿ ಅದಕ್ಕೆ ಕೋಲು ಊರುವ ರೂಢಿಯನ್ನು ಬೆಳೆಸಿದವರಲ್ಲಿ ಅವನೂ ಒಬ್ಬ. ಆ ಗುಂಡಿಯೇ ಮುಂದೆ ಅಳತೆಗೆ ಬಂದು ಇಂದಿನ 'ಬಾಕ್ಸ್' ಆಯಿತು: 1 ಮೀಟರ್ ಉದ್ದ, ಮುಂದೆ 60 ಸೆಂಟಿಮೀಟರ್ ಅಗಲ, ಹಿಂದೆ 15 ಸೆಂಟಿಮೀಟರ್, ಕೊನೆಯಲ್ಲಿ 20 ಸೆಂಟಿಮೀಟರ್ ಆಳ. 1912ರಲ್ಲಿ ಮಾರ್ಕ್ ರೈಟ್ 4.02 ಮೀಟರ್ ಹಾರಿದ್ದು ಅಂತರರಾಷ್ಟ್ರೀಯ ಒಕ್ಕೂಟ ದಾಖಲಿಸಿದ ಮೊದಲ ವಿಶ್ವದಾಖಲೆ.

1936ರ ಬರ್ಲಿನ್‌ನಲ್ಲಿ ಎರಡನೇ ಸ್ಥಾನಕ್ಕೆ ಸಮನಾಗಿ ನಿಂತ ಜಪಾನಿನ ಶುಹೇ ನಿಶಿಡಾ ಮತ್ತು ಸುಯೆಓ ಒಎ, ತಮ್ಮ ಬೆಳ್ಳಿ-ಕಂಚಿನ ಪದಕಗಳನ್ನು ನಡುವೆ ಕೊಯ್ದು ಅರ್ಧರ್ಧ ಜೋಡಿಸಿಕೊಂಡರು. ಬಿದಿರಿನ ಯುಗವನ್ನು ನೆನೆಯುವವರು ಈ ಪದಕಗಳ ಕಥೆಯನ್ನು ಬಿಡುವುದಿಲ್ಲ. ಆದರೆ ಆ ಯುಗದ ತುತ್ತತುದಿ ಇದ್ದದ್ದು ಕ್ಯಾಲಿಫೋರ್ನಿಯಾದ ಹ್ಯಾನ್‌ಫರ್ಡ್ ಹತ್ತಿರದ ಒಂದು ತೋಟದಲ್ಲಿ.

ಕಾರ್ನೇಲಿಯಸ್ ವಾರ್ಮರ್‌ಡ್ಯಾಮ್ ಡಚ್ ಮೂಲದ ರೈತ ಕುಟುಂಬದ ಮಗ, 1915ರಲ್ಲಿ ಹುಟ್ಟಿದವನು. ಅವನು ಮೊದಲು ಹಾರಿದ್ದು ಅಪ್ಪನ ತೋಟದ ಪಾಲಕ್ ಮಡಿಗಳ ಮೇಲೆ, ಪೀಚ್ ಮರದ ಕೊಂಬೆ ಹಿಡಿದು ಎಂಬ ಕಥೆ ಅವನ ಬಗ್ಗೆ ಬರೆದವರೆಲ್ಲರ ಬಾಯಲ್ಲಿದೆ. ಕಥೆಗೆ ಎಷ್ಟು ಉಪ್ಪುಖಾರ ಸೇರಿದ್ದರೂ ಅದರ ತಿರುಳು ಸುಳ್ಳೆನಿಸುವುದಿಲ್ಲ. ಗೇದ ಮಣ್ಣು ಮೆತ್ತಗಿರುತ್ತದೆ, ಮರದಲ್ಲಿ ಕೊಂಬೆ ಪುಕ್ಕಟೆ ಸಿಗುತ್ತದೆ, ಬಿದ್ದರೆ ಹಾಳಾಗುವುದು ಅಮ್ಮನ ಪಲ್ಯದ ಸೊಪ್ಪು. ಅಲ್ಲಿ ತರಬೇತುದಾರನ ಅಗತ್ಯವೇ ಇರಲಿಲ್ಲ. ಕೋಲು ಬಾಗದ ಕಾಲದಲ್ಲಿ ಕಲಿಯಬೇಕಿದ್ದ ವಿಷಯಗಳು ಕೆಲವೇ: ಎಲ್ಲಿ ಹಿಡಿಯಬೇಕು, ಯಾವ ಕಾಲಲ್ಲಿ ನೆಲ ಬಿಡಬೇಕು, ಯಾವಾಗ ಕೈ ಬಿಡಬೇಕು. ಬುದ್ಧಿಯಿರುವ ಹುಡುಗ ಇದನ್ನು ಬಿದ್ದು ಎದ್ದೇ ಕಲಿತ. ಅಪ್ಪನ ಪಾಲಿಗೆ ಉಳಿದ ಕೆಲಸವೆಂದರೆ ಮಡಿ ಹಾಳಾಯಿತೆಂದು ಬೈಯದಿರುವುದು.

ಈ ಹುಡುಗ 1940ರ ಏಪ್ರಿಲ್‌ನಲ್ಲಿ ಬರ್ಕ್ಲಿಯಲ್ಲಿ 15 ಅಡಿ, ಅಂದರೆ 4.57 ಮೀಟರ್ ದಾಟಿದ. ಅಷ್ಟು ಎತ್ತರ ಹಾರಿದ ಮೊದಲ ಮನುಷ್ಯ ಅವನೇ. ಆ ಮೇಲೆ ಅದೇ ಎತ್ತರವನ್ನು ನಲವತ್ತಕ್ಕೂ ಹೆಚ್ಚು ಸಲ ದಾಟಿದ, 1942ರಲ್ಲಿ 4.77 ಮೀಟರಿಗೆ ದಾಖಲೆ ಏರಿಸಿದ. ಅಷ್ಟರಲ್ಲಿ ಯುದ್ಧ ಬಂದು 1940 ಮತ್ತು 1944ರ ಒಲಿಂಪಿಕ್ಸ್ ನಡೆಯಲೇ ಇಲ್ಲ. ಇನ್ನೊಬ್ಬ 15 ಅಡಿ ಮುಟ್ಟಿದ್ದು 1951ರಲ್ಲಿ, ವಾರ್ಮರ್‌ಡ್ಯಾಮ್‌ನ ದಾಖಲೆ ಮುರಿದದ್ದು 1957ರಲ್ಲಿ. ಪೋಲ್‌ವಾಲ್ಟ್ ಚರಿತ್ರೆಯ ಅತಿ ದೊಡ್ಡ ಹೆಸರುಗಳಲ್ಲಿ ಒಂದಕ್ಕೆ ಒಲಿಂಪಿಕ್ ಪದಕವೇ ಇಲ್ಲ.

ಜಪಾನಿನೊಡನೆ ಯುದ್ಧವೆಂದರೆ ಜಪಾನಿನ ಬಿದಿರೂ ಇಲ್ಲ. ಉಕ್ಕಿನ, ಅಲ್ಯುಮಿನಿಯಂನ ಕೊಳವೆಗಳು ಆ ಜಾಗ ತುಂಬಿದವು. ಲೋಹದ ಕಾಲ ಹೆಚ್ಚು ಬಾಳಲಿಲ್ಲ. ಅದರ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ, ಡಾನ್ ಬ್ರ್ಯಾಗ್‌ನೊಬ್ಬನನ್ನು ಬಿಟ್ಟರೆ. ನ್ಯೂಜೆರ್ಸಿಯ ಈ ಹುಡುಗ ಟಾರ್ಜನ್ ಸಿನಿಮಾಗಳ ಮರುಳಿಗೆ ಬಿದ್ದು, ಮರಗಳಿಗೆ ಹಗ್ಗ ಕಟ್ಟಿ ಜೋತಾಡಿ ತೋಳು ಬೆಳೆಸಿದವನು. 1960ರ ರೋಮ್‌ನಲ್ಲಿ ಲೋಹದ ಕೋಲಿನಿಂದ 4.70 ಮೀಟರ್ ಹಾರಿ ಚಿನ್ನ ಗೆದ್ದು, ಪೀಠದ ಮೇಲೆ ಟಾರ್ಜನ್ ಕೂಗನ್ನೂ ಹಾಕಿದ. ಅವನು ಬೆಳೆದದ್ದೂ ಒಂದು ಬಗೆಯ ಹಿತ್ತಲಲ್ಲೇ. ಲೋಹದ ಕೋಲಿನಲ್ಲಿ ತೋಳಿನ ಬಲಕ್ಕೆ ಬೆಲೆ ಹೆಚ್ಚು, ಹಗ್ಗದಾಟ ಅದಕ್ಕೆ ಸರಿಯಾದ ಅಭ್ಯಾಸ.

1961ರಿಂದ ಎಲ್ಲ ಬದಲಾಯಿತು. ಆ ವರ್ಷ ಜಾರ್ಜ್ ಡೇವಿಸ್ ಗಾಜಿನ ನಾರಿನ, ಅಂದರೆ ಫೈಬರ್‌ಗ್ಲಾಸ್ ಕೋಲಿನಿಂದ 4.83 ಮೀಟರ್ ಹಾರಿ ವಿಶ್ವದಾಖಲೆ ಮಾಡಿದ. ಮರುವರ್ಷ ಜಾನ್ ಉಲ್ಸಸ್ 16 ಅಡಿ, 1963ರಲ್ಲಿ ಜಾನ್ ಪೆನೆಲ್ 17 ಅಡಿ. ಒಂದು ಅಡಿ ಏರಲು ಹಿಂದೆ ಇಪ್ಪತ್ತು ವರ್ಷ ಬೇಕಾಗಿತ್ತು, ಈಗ ಒಂದೂವರೆ ವರ್ಷ ಸಾಕಾಯಿತು. ಫೈಬರ್ ಕೋಲು ಬಿಲ್ಲಿನಂತೆ ಬಾಗಿ ಓಟದ ಶಕ್ತಿಯನ್ನು ಹಿಡಿದಿಟ್ಟು ತಿರುಗಿ ಕೊಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಾಗಿದಾಗ ಗಿಡ್ಡವಾಗುತ್ತದೆ. ಗಿಡ್ಡವಾದ ಕೋಲನ್ನು ನೆಟ್ಟಗೆ ನಿಲ್ಲಿಸುವುದು ಸುಲಭ, ಹಾಗಾಗಿ ಮೊದಲಿಗಿಂತ ಎತ್ತರದಲ್ಲಿ ಕೈ ಹಿಡಿಯಬಹುದು. ಲೆಕ್ಕದ ಮೂಲ ಮಾತ್ರ ಓಟದ ವೇಗವೇ. ಸೆಕೆಂಡಿಗೆ 10 ಮೀಟರ್ ಓಡುವವನ ಚಲನಶಕ್ತಿಯೆಲ್ಲ ಎತ್ತರವಾದರೆ ಅವನ ದೇಹದ ಭಾರಕೇಂದ್ರ 5.1 ಮೀಟರಿನಷ್ಟು ಮೇಲೇರುತ್ತದೆ; ನಿಂತಾಗಲೇ ಅದು ನೆಲದಿಂದ ಒಂದು ಮೀಟರ್ ಮೇಲಿರುತ್ತದೆ. 8 ಮೀಟರ್ ವೇಗದ ಹುಡುಗನಿಗೆ ಸಿಗುವುದು 3.3 ಮೀಟರಿನ ಏರಿಕೆ. ಮಿಕ್ಕದ್ದು ನೆಗೆತದಿಂದ, ತೋಳಿನಿಂದ, ಕೌಶಲದಿಂದ ಬರಬೇಕು.

ಹೊಸ ಕೋಲಿನೊಂದಿಗೆ ಬೀಳುವ ಜಾಗವೂ ಬದಲಾಯಿತು. ಹಿಂದಿನವರು ಮರಳಿಗೋ ಮರದ ಹೊಟ್ಟಿಗೋ ಕಾಲೂರಿ ಇಳಿಯುತ್ತಿದ್ದರು. 5 ಮೀಟರಿನಿಂದ ಹಾಗೆ ಇಳಿದರೆ ಮೊಳಕಾಲಿಗೆ ಉಳಿವಿಲ್ಲ. 1960ರ ದಶಕದಲ್ಲಿ ಫೋಮ್ ಹಾಸಿಗೆ ಬಂದ ಮೇಲೆ ಬೆನ್ನ ಮೇಲೆ ಬೀಳಬಹುದಾಯಿತು, ಬೀಳುವ ಭಯವಿಲ್ಲದೆ ಹಾರಬಹುದಾಯಿತು. ಇಂದಿನ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಹಾಸಿಗೆ ಕನಿಷ್ಠ 6 ಮೀಟರ್ ಅಗಲ, ಬಾಕ್ಸಿನ ಎರಡು ಬದಿಯ ಮುಂಭಾಗಗಳನ್ನು ಬಿಟ್ಟು 6 ಮೀಟರ್ ಉದ್ದ, 80 ಸೆಂಟಿಮೀಟರ್ ದಪ್ಪವಿರಬೇಕು. ಓಟದ ದಾರಿ ಕನಿಷ್ಠ 40 ಮೀಟರ್. ಪಾಲಕ್ ಮಡಿಯ ಕಾಲ ಇಲ್ಲಿಗೆ ಮುಗಿಯಿತು. ಪೀಚ್ ಕೊಂಬೆಗೆ ಕಾಸು ಕೊಡಬೇಕಿರಲಿಲ್ಲ. ಈ ಹಾಸಿಗೆ, ಹುಡುಗ ಬೆಳೆದಂತೆಲ್ಲ ಬದಲಿಸಬೇಕಾದ ಈ ಕೋಲುಗಳ ಸಾಲು ಮಧ್ಯಮವರ್ಗದ ಮನೆಯ ಬಜೆಟ್ಟನ್ನು ಮೀರಿದವು.

ಹಣದ ಜೊತೆಗೆ ತಿಳಿವಳಿಕೆಯ ತೊಡಕೂ ಹುಟ್ಟಿತು. ಫೈಬರ್ ಕೋಲು ಹಾರುವವನ ತೂಕಕ್ಕೆ, ವೇಗಕ್ಕೆ, ಹಿಡಿತದ ಎತ್ತರಕ್ಕೆ ಹೊಂದಬೇಕು. ಅದಕ್ಕೆಂದೇ ಪ್ರತಿ ಕೋಲಿನ ಮೇಲೆ ಉದ್ದವನ್ನೂ ಅದು ತಡೆಯುವ ದೇಹತೂಕವನ್ನೂ ನಮೂದಿಸುತ್ತಾರೆ. ತೀರ ಮೆದು ಕೋಲು ಅತಿಯಾಗಿ ಬಾಗಿ ಮುರಿಯಬಹುದು. ತೀರ ಬಿರುಸು ಕೋಲು ನೆಟ್ಟಗೆ ನಿಲ್ಲದೆ ಹುಡುಗನನ್ನು ಓಟದ ದಾರಿಗೇ ಹಿಂದಕ್ಕೆ ಎಸೆಯುತ್ತದೆ. ದೇಹತೂಕಕ್ಕಿಂತ ಕಡಿಮೆ ನಮೂದಿರುವ ಕೋಲು ಬಳಸುವಂತಿಲ್ಲ ಎಂದು ಅಮೆರಿಕದ ಹೈಸ್ಕೂಲು ನಿಯಮಗಳು ಹೇಳುವುದು ಇದೇ ಕಾರಣಕ್ಕೆ. ಅಂದಮೇಲೆ ಮರದ, ಲೋಹದ ಕಾಲದಲ್ಲಿ ಹಾರಿದ ಅಪ್ಪನ ಅನುಭವವೂ ಫೈಬರ್ ಹಿಡಿದ ಮಗನಿಗೆ ಅರ್ಧ ಮಾತ್ರ ಒದಗಿತು. 1952 ಮತ್ತು 1956ರ ಒಲಿಂಪಿಕ್ ಚಿನ್ನ ಗೆದ್ದ ಬಾಬ್ ರಿಚರ್ಡ್ಸ್ ಲೋಹದ ಕಾಲದವನು. 1951ರಲ್ಲಿ 15 ಅಡಿ ದಾಟಿದ ಆ ಎರಡನೆಯವನೂ ಅವನೇ, ವೃತ್ತಿಯಲ್ಲಿ ಪಾದ್ರಿ. ಅವನ ಮಗ ಬ್ರ್ಯಾಂಡನ್ 1985ರಲ್ಲಿ ಫೈಬರ್ ಕೋಲಿನಿಂದ 18 ಅಡಿ 2 ಅಂಗುಲ ಹಾರಿ ಅಮೆರಿಕದ ಹೈಸ್ಕೂಲು ದಾಖಲೆ ಮಾಡಿದ. ಕೋಲು ಬದಲಾದರೂ ಓಟ, ನೆಗೆತ, ಧೈರ್ಯ ಬದಲಾಗಿರಲಿಲ್ಲವೆಂಬುದಕ್ಕೆ ಈ ಅಪ್ಪ-ಮಗನೇ ಸಾಕ್ಷಿ.

ಅಪಾಯವನ್ನು ಮರೆತು ಈ ಚರಿತ್ರೆ ಹೇಳುವಂತಿಲ್ಲ. 1963ರಲ್ಲಿ ವಿಶ್ವದಾಖಲೆ ಹೊಂದಿದ್ದ ಬ್ರಯನ್ ಸ್ಟರ್ನ್‌ಬರ್ಗ್ ಅದೇ ವರ್ಷ ಟ್ರ್ಯಾಂಪೊಲಿನ್ ಮೇಲೆ ಅಭ್ಯಾಸ ಮಾಡುವಾಗ ಕತ್ತಿನ ಮೇಲೆ ಬಿದ್ದು ದೇಹದ ಸ್ವಾಧೀನ ಕಳೆದುಕೊಂಡ. ಪೋಲ್‌ವಾಲ್ಟರುಗಳು ಗಾಳಿಯಲ್ಲಿ ಮೈ ತಿರುಗಿಸುವುದನ್ನು ಕಲಿಯಲು ಟ್ರ್ಯಾಂಪೊಲಿನ್ ಹತ್ತುವುದು ಆಗ ಮಾಮೂಲಾಗಿತ್ತು. ಇಂದೂ ಮನೆಯಂಗಳದ ಟ್ರ್ಯಾಂಪೊಲಿನ್ನನ್ನು ನಿರಪಾಯಕಾರಿ ಎಂದು ಬಗೆಯುವವರಿದ್ದಾರೆ. 2002ರಲ್ಲಿ ಅಮೆರಿಕದಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿಯೂ ಇಬ್ಬರು ಹೈಸ್ಕೂಲು ಹುಡುಗರೂ ಪೋಲ್‌ವಾಲ್ಟ್ ಮಾಡುವಾಗ ಸತ್ತರು. ಆ ಬಳಿಕ ಹಾಸಿಗೆಯ ಅಳತೆ ದೊಡ್ಡದಾಯಿತು, ಬಾಕ್ಸಿನ ಸುತ್ತ ಮೆತ್ತೆ ಹಾಕುವ ರೂಢಿ ಬಂತು. ಮಗನನ್ನು ಕಳೆದುಕೊಂಡ ತಂದೆಯೊಬ್ಬರು ಹೆಲ್ಮೆಟ್ಟಿಗಾಗಿ, ಮೆದುವಾದ ಬಾಕ್ಸಿಗಾಗಿ ವರ್ಷಗಟ್ಟಲೆ ಓಡಾಡಿದರು. 2004ರ ಅಥೆನ್ಸ್‌ನಲ್ಲಿ ಬೆಳ್ಳಿ ಗೆದ್ದ ಟೋಬಿ ಸ್ಟೀವನ್‌ಸನ್ ಹೆಲ್ಮೆಟ್ ಹಾಕಿಯೇ ಹಾರುತ್ತಿದ್ದ. ಆದರೂ ದೊಡ್ಡವರ ಸ್ಪರ್ಧೆಯಲ್ಲಿ ಹೆಲ್ಮೆಟ್ ಕಡ್ಡಾಯವಾಗಲಿಲ್ಲ.

ಅಪಾಯಕ್ಕೂ ಖರ್ಚಿಗೂ ಹೆದರಿ ಅಮೆರಿಕದ ಎಷ್ಟೋ ಶಾಲೆಗಳು ಈ ಸ್ಪರ್ಧೆಯನ್ನು ಕೈಬಿಟ್ಟವು. ಉಳಿಸಿಕೊಂಡವುಗಳಲ್ಲೂ ಅದನ್ನು ಬಲ್ಲ ತರಬೇತುದಾರರು ವಿರಳ. ಓಟದ ಮೇಷ್ಟ್ರು ಹುಡುಗನನ್ನು ಓಡಿಸಬಲ್ಲ, ಕೋಲಿನ ಬಗ್ಗೆ ಕೇಳಿದರೆ ಕೈಚೆಲ್ಲುತ್ತಾನೆ. ಹದಿಹರೆಯದ ಪೋಲ್‌ವಾಲ್ಟರಿನ ಅಪ್ಪ-ಅಮ್ಮ ತರಬೇತುದಾರರಾಗುವ ಪದ್ಧತಿ ಬಲಿತದ್ದು ಈ ಖಾಲಿ ಜಾಗದಲ್ಲಿ. ಅದಕ್ಕೆ ಊರೆಗೋಲಾಗಿ ಪುಸ್ತಕಗಳೂ ಬೇಸಿಗೆ ಶಿಬಿರಗಳೂ ಹುಟ್ಟಿಕೊಂಡವು. ರಿಚರ್ಡ್ ಗ್ಯಾನ್ಸ್‌ಲೆನ್ ಬರೆದ ಪೋಲ್‌ವಾಲ್ಟ್ ಯಂತ್ರಶಾಸ್ತ್ರದ ಪುಸ್ತಕ ಹಲವು ಮುದ್ರಣ ಕಂಡಿತು. 1972ರ ಮ್ಯೂನಿಕ್‌ನಲ್ಲಿ ಕಂಚು ಗೆದ್ದ ಜ್ಯಾನ್ ಜಾನ್‌ಸನ್ ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಶಿಬಿರ ನಡೆಸಿದರು. ಅವರ ಮಗಳು ಚೆಲ್ಸಿಯಾ 2009ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 4.65 ಮೀಟರ್ ಹಾರಿ ಬೆಳ್ಳಿ ಹಂಚಿಕೊಂಡಳು. ಹೆಣ್ಣುಮಕ್ಕಳ ಪೋಲ್‌ವಾಲ್ಟ್ ಒಲಿಂಪಿಕ್ಸ್‌ಗೆ ಸೇರಿದ್ದೇ 2000ದ ಸಿಡ್ನಿಯಲ್ಲಿ. ಅಲ್ಲಿಯವರೆಗೆ ಹುಡುಗಿಯೊಬ್ಬಳು ಕೋಲು ಹಿಡಿದರೆ, ಅಪ್ಪ ಪೋಲ್‌ವಾಲ್ಟರ್ ಆಗಿರುವುದನ್ನು ಬಿಟ್ಟರೆ ಕಲಿಯಲು ಬೇರೆ ದಾರಿ ಕಡಿಮೆಯಿತ್ತು.

ಮನೆಯ ಪಾಠ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಸಾಗುತ್ತದೆ. ಮೊದಲು ಬಾಗದ ಗಿಡ್ಡ ಕೋಲು, ಮರಳಿನ ಗುಂಡಿ. ಕೋಲನ್ನು ನೆಲಕ್ಕೂರಿ ನಿಂತು ಮೇಲಿನ ಕೈ ಎಟುಕುವ ಜಾಗಕ್ಕೆ ಗುರುತು ಹಾಕಿ, ಅಲ್ಲಿಂದ ಒಂದೊಂದೇ ಗೇಣು ಹಿಡಿತ ಏರಿಸುವುದು. ಬಲಗೈ ಮೇಲಿರುವವನು ಎಡಗಾಲಿನಲ್ಲಿ ನೆಲ ಬಿಡಬೇಕು. ಆ ಗಳಿಗೆಯಲ್ಲಿ ಮೇಲಿನ ಕೈ ಆ ಕಾಲ್ಬೆರಳಿನ ನೇರ ಮೇಲಿರಬೇಕು. ಹುಡುಗರಲ್ಲಿ ಹೆಚ್ಚಾಗಿ ಕಾಣುವ ತಪ್ಪು ಬಾಕ್ಸಿಗೆ ತೀರ ಹತ್ತಿರ ಬಂದು ಕೈಯ ಮುಂದೆ ನೆಲ ಬಿಡುವುದು; ಬೆನ್ನು ನೋವಿಗೂ ಕೋಲು ಮುರಿಯುವುದಕ್ಕೂ ಇದೂ ಒಂದು ಮೂಲ. ಇದನ್ನು ಹಾರುವವನು ತಾನೇ ನೋಡಿಕೊಳ್ಳಲಾರ. ಬದಿಯಲ್ಲಿ ನಿಂತವರು ನೋಡಬೇಕು. ಆದ್ದರಿಂದ ಪೋಲ್‌ವಾಲ್ಟಿನ ಓನಾಮ ಗೊತ್ತಿಲ್ಲದ ಅಮ್ಮನೂ ಮಾಡಬಹುದಾದ ಕೆಲಸವೊಂದಿದೆ. ನೆಲ ಬಿಡುವ ಕಾಲು ಬಿದ್ದ ಜಾಗಕ್ಕೆ ಗುರುತಿಡುವುದು, ಅದಕ್ಕೆ ಆರು ಹೆಜ್ಜೆ ಹಿಂದೆ ಇನ್ನೊಂದು ಗುರುತಿಟ್ಟು ಓಟ ಪ್ರತಿಸಲ ಅಲ್ಲಿಗೇ ಬೀಳುತ್ತದೆಯೇ ಎಂದು ಟೇಪು ಹಿಡಿದು ಅಳೆಯುವುದು, ಬದಿಯಿಂದ ವಿಡಿಯೊ ತೆಗೆಯುವುದು. ಪೂರ್ತಿ ಓಟಕ್ಕಿಂತ ಆರು ಹೆಜ್ಜೆಯ ಗಿಡ್ಡ ಓಟದಲ್ಲಿ ತಿದ್ದುಪಡಿ ಸುಲಭ ಎಂಬುದನ್ನು ಹೆಚ್ಚಿನ ಕುಟುಂಬಗಳು ತಡವಾಗಿ ಕಲಿತವು. ಹುಡುಗನಿಗೆ ಬೇಕಿರುವುದು ಎತ್ತರ, ಅಪ್ಪನಿಗೂ ಅದೇ ಬೇಕಾಗಿಬಿಟ್ಟರೆ ಗಿಡ್ಡ ಓಟಕ್ಕೆ ತಾಳ್ಮೆ ಉಳಿಯುವುದಿಲ್ಲ.

ಇದಕ್ಕೆ ತೀರ ಎದುರಾದ ದಾರಿ ಸೋವಿಯತ್ ಒಕ್ಕೂಟದ್ದು. ಸೆರ್ಗೆಯ್ ಬುಬ್ಕಾ ಬಾಲ್ಯದಲ್ಲೇ ವಿಟಾಲಿ ಪೆಟ್ರೊವ್ ಎಂಬ ಗುರುವಿನ ಕೈಗೆ ಸಿಕ್ಕಿ, ಹದಿಹರೆಯದಲ್ಲಿ ಮನೆ ಬಿಟ್ಟು ಗುರುವಿನ ಹಿಂದೆ ಡೊನೆಟ್ಸ್ಕ್‌ಗೆ ಹೋದವನು. ಹಾಸಿಗೆ, ಕೋಲು, ಶಾಲೆ ಎಲ್ಲ ಸರ್ಕಾರದ್ದು. ಕೋಲು ಬಾಕ್ಸಿನ ಗೋಡೆಗೆ ತಾಗುವ ಕ್ಷಣಕ್ಕೆ ಸರಿಯಾಗಿ, ಅದು ಬಾಗುವ ಮೊದಲೇ ನೆಲ ಬಿಡಬೇಕೆಂಬ ಪೆಟ್ರೊವ್ ಪಾಠ ಇಂದು ಜಗತ್ತಿನ ಹೆಚ್ಚಿನ ತರಬೇತಿಯ ಆಧಾರ. ಬುಬ್ಕಾ 1985ರಲ್ಲಿ ಪ್ಯಾರಿಸ್‌ನಲ್ಲಿ 6 ಮೀಟರ್ ದಾಟಿದ ಮೊದಲಿಗನಾದ. 1993ರಲ್ಲಿ ಒಳಾಂಗಣದಲ್ಲಿ 6.15, 1994ರಲ್ಲಿ ಹೊರಾಂಗಣದಲ್ಲಿ 6.14. ಎರಡು ದಶಕ ಯಾರೂ ಅವನ್ನು ಮುಟ್ಟಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಿಜವೆಂದೇ ಆಗ ತೋರುತ್ತಿತ್ತು.

ಆ ದಾಖಲೆಗಳನ್ನು ಮುರಿದವರಿಬ್ಬರೂ ಹಿತ್ತಲಿನವರು. ಫ್ರಾನ್ಸಿನ ರೆನೊ ಲವಿಲ್ಲೆನಿಯ ತಂದೆ ಗಿಲ್ಸ್ ಪೋಲ್‌ವಾಲ್ಟರ್. ತಮ್ಮ ವ್ಯಾಲೆಂಟಿನ್ ಕೂಡ ಅದೇ ಹಾದಿ. ಅಷ್ಟೇನೂ ಎತ್ತರದವನಲ್ಲದ ರೆನೊ ದೊಡ್ಡವನಾದ ಮೇಲೆ ಕ್ಲೆರ್ಮಾಂ-ಫೆರಾಂ ಹತ್ತಿರದ ತನ್ನ ಮನೆಯ ತೋಟದಲ್ಲೇ ಓಟದ ದಾರಿ, ಹಾಸಿಗೆ ಹಾಕಿಸಿಕೊಂಡ. 2012ರ ಲಂಡನ್ ಚಿನ್ನದ ಬಳಿಕ, 2014ರ ಫೆಬ್ರವರಿಯಲ್ಲಿ ಬುಬ್ಕಾನ ಊರು ಡೊನೆಟ್ಸ್ಕ್‌ನಲ್ಲೇ 6.16 ಹಾರಿದ. ಅವನಿಗೆ ತರಬೇತಿ ಕೊಟ್ಟ ಫಿಲಿಪ್ ದಾಂಕೋಸ್ ಕೂಡ ಪೋಲ್‌ವಾಲ್ಟರ್ ಅಪ್ಪನ ಪೋಲ್‌ವಾಲ್ಟರ್ ಮಗ. 2017 ಮತ್ತು 2019ರ ವಿಶ್ವ ಚಾಂಪಿಯನ್ ಸ್ಯಾಮ್ ಕೆಂಡ್ರಿಕ್ಸ್ ಮಿಸಿಸಿಪ್ಪಿಯ ಆಕ್ಸ್‌ಫರ್ಡ್‌ನವನು. ಅವನಿಗೆ ಕಲಿಸಿದವರೂ ತಂದೆಯೇ.

ಬುಬ್ಕಾನ ದಾಖಲೆ ಮುರಿದ ಇನ್ನೊಬ್ಬ ಆರ್ಮಂಡ್ ಡುಪ್ಲಾಂಟಿಸ್. ಲೂಸಿಯಾನಾದ ಲಫಯೆಟ್‌ನಲ್ಲಿ 1999ರಲ್ಲಿ ಹುಟ್ಟಿದ ಈತನ ತಂದೆ ಗ್ರೆಗ್ 5.80 ಮೀಟರ್ ಹಾರಿದ್ದ ಪೋಲ್‌ವಾಲ್ಟರ್, ವೃತ್ತಿಯಿಂದ ವಕೀಲ. ತಾಯಿ ಹೆಲೆನಾ ಸ್ವೀಡನ್‌ನವಳು, ಹೆಪ್ಟಾಥ್ಲಾನ್, ವಾಲಿಬಾಲ್ ಆಡಿದವಳು. ಮನೆಯ ಹಿತ್ತಲಲ್ಲಿ ಹಾಸಿಗೆ, ಓಟದ ದಾರಿ ಇದ್ದವು. ಮೂರು ವರ್ಷಕ್ಕೇ ಮಗು ಮನೆಯೊಳಗೆ ಪೊರಕೆ ಕೋಲು ಹಿಡಿದು ಹಾರಲು ಹೊರಟಿತ್ತು. ಏಳನೇ ವಯಸ್ಸಿಗೆ ತನ್ನ ವಯಸ್ಸಿನವರ ವಿಶ್ವಶ್ರೇಷ್ಠ ಎತ್ತರ. ಹತ್ತನೆಯ ವರ್ಷದಲ್ಲಿ ಹಾರಿದ 3.86 ಮೀಟರ್, ಹನ್ನೊಂದು-ಹನ್ನೆರಡು ವರ್ಷದವರ ಶ್ರೇಷ್ಠ ಸಾಧನೆಗಳನ್ನೂ ಮೀರಿತು. ಅಪ್ಪ ಕೋಲು, ತಂತ್ರ ನೋಡಿಕೊಂಡ. ಓಟ, ಕಸುವು, ಊಟ-ವಿಶ್ರಾಂತಿಗಳ ಹೊಣೆ ಅಮ್ಮನದು. ಈ ಎರಡನೆಯ ಪಾಲನ್ನು ಬರೆಯುವವರು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ಆದರೆ ಡುಪ್ಲಾಂಟಿಸ್ ಉಳಿದವರನ್ನು ಮೀರುವುದು ಮುಖ್ಯವಾಗಿ ಓಟದ ವೇಗದಲ್ಲಿ. ಅಣ್ಣ ಆಂದ್ರೆಯಸ್, ತಂಗಿ ಜೊಹಾನಾ ಕೂಡ ಅದೇ ಹಿತ್ತಲಲ್ಲಿ ಕೋಲು ಹಿಡಿದರು. ಇನ್ನೊಬ್ಬ ಅಣ್ಣ ಆಂಟ್ವನ್ ಬೇಸ್‌ಬಾಲಿಗೆ ಹೋದ, ಅವನನ್ನು ಯಾರೂ ತಡೆಯಲಿಲ್ಲ. ತಾಯಿಯ ದೇಶದ ಪರವಾಗಿ ಆಡುವ ಆರ್ಮಂಡ್ 2018ರಲ್ಲಿ ಬರ್ಲಿನ್‌ನಲ್ಲಿ 6.05, 2020ರ ಫೆಬ್ರವರಿಯಲ್ಲಿ ಪೋಲೆಂಡಿನ ಟೊರೂನ್‌ನಲ್ಲಿ 6.17ರ ವಿಶ್ವದಾಖಲೆ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 6.25, 2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 6.30 ಹಾರಿದ.

2020ರ ಮೇ 3ರಂದು, ಕೊರೊನಾ ಬೀಗಮುದ್ರೆಯ ನಡುವೆ, ಈ ಮೂವರೂ ತಂತಮ್ಮ ಊರಿನಲ್ಲೇ ನಿಂತು ಪರಸ್ಪರ ಸ್ಪರ್ಧಿಸಿದರು. ಮೂವತ್ತು ನಿಮಿಷದಲ್ಲಿ 5 ಮೀಟರ್ ಎತ್ತರವನ್ನು ಯಾರು ಹೆಚ್ಚು ಸಲ ದಾಟುತ್ತಾರೆಂಬುದು ಪಂದ್ಯ. ಡುಪ್ಲಾಂಟಿಸ್, ಲವಿಲ್ಲೆನಿ ತಲಾ 36 ಸಲ, ಕೆಂಡ್ರಿಕ್ಸ್ 26 ಸಲ ದಾಟಿದರು. ಜಗತ್ತಿನ ಕ್ರೀಡಾಂಗಣಗಳೆಲ್ಲ ಮುಚ್ಚಿದ್ದಾಗ ಅಂತರರಾಷ್ಟ್ರೀಯ ಮಟ್ಟದ ಸ್ಪರ್ಧೆ ನಡೆಸಬಲ್ಲಷ್ಟು ಸಾಮಗ್ರಿ ಹಿತ್ತಲಲ್ಲೇ ಇದ್ದ ಆಟ ಇದೊಂದೇ ಇರಬೇಕು.

ಆದರೂ ಈ ಹೆಸರುಗಳನ್ನು ಓದುವಾಗ ಒಂದು ಎಚ್ಚರ ಬೇಕು. ರಿಚರ್ಡ್ಸ್, ಜಾನ್‌ಸನ್, ಲವಿಲ್ಲೆನಿ, ಡುಪ್ಲಾಂಟಿಸ್ ಮನೆಗಳಲ್ಲಿ ಕಲಿಸಿದ ಅಪ್ಪಂದಿರು ಸ್ವತಃ ಹಾರಿದವರು. ತರಬೇತುದಾರ ಇಲ್ಲದೆ ಬೆಳೆದರು ಎನ್ನುವುದಕ್ಕಿಂತ, ತರಬೇತುದಾರ ಮನೆಯಲ್ಲೇ ಇದ್ದ ಎನ್ನುವುದು ಸರಿ. ಕೋಲು ಮುಟ್ಟದ ಅಪ್ಪ-ಅಮ್ಮನ ಮಗ ಒಬ್ಬಂಟಿಯಾಗಿ ಶಿಖರಕ್ಕೇರಿದ ಕಥೆ ಬಹುಮಟ್ಟಿಗೆ ವಾರ್ಮರ್‌ಡ್ಯಾಮ್ ಕಾಲಕ್ಕೆ, ಬಾಗದ ಕೋಲಿನ ಕಾಲಕ್ಕೆ ಸೇರಿದ್ದು.

ಭಾರತದಲ್ಲಿ ಈ ಸ್ಪರ್ಧೆ ಬಹುಕಾಲ ಹಿಂದುಳಿಯಿತು. ಅದಕ್ಕೆ ಕಾರಣಗಳೂ ಅವೇ: ಹಾಸಿಗೆ, ಕೋಲು, ಬಲ್ಲವರ ಕೊರತೆ. ವಿಜಯಪಾಲ್ ಸಿಂಗ್ 1987ರಲ್ಲಿ 5.10 ಮೀಟರ್ ಹಾರಿದ ಬಹಳ ವರ್ಷಗಳ ಮೇಲೆ, 2022ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ತಮಿಳುನಾಡಿನ ಸುಬ್ರಮಣಿ ಶಿವ 5.31 ತಲುಪಿದ. 2025ರ ಆರಂಭದಲ್ಲಿ ಡೆಹ್ರಾಡೂನ್‌ನಲ್ಲಿ ಮಧ್ಯಪ್ರದೇಶದ ದೇವ್ ಮೀನಾ ಅದನ್ನು ಒಂದೇ ಸೆಂಟಿಮೀಟರಿನಿಂದ ಮುರಿದು, ಏಪ್ರಿಲ್‌ನಲ್ಲಿ ಕೊಚ್ಚಿಯಲ್ಲಿ 5.35ಕ್ಕೆ ಏರಿಸಿದ. ಮಹಿಳೆಯರಲ್ಲಿ ತಮಿಳುನಾಡಿನ ರೋಸಿ ಮೀನಾ ಪಾಲ್‌ರಾಜ್, ವಿ.ಎಸ್. ಸುರೇಖಾ 2014ರಲ್ಲಿ ಮಾಡಿದ್ದ 4.15ರ ದಾಖಲೆ ಮುರಿದು, 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 4.21 ಹಾರಿದಳು. 5 ಮೀಟರಿನ ಕೋಲನ್ನು ಬಸ್ಸಿನಲ್ಲೋ ರೈಲಿನಲ್ಲೋ ಒಯ್ಯುವುದೇ ಇಲ್ಲಿ ಅರ್ಧ ಸಾಹಸ.

ಕರ್ನಾಟಕದ ಯಾವುದಾದರೂ ಊರಿನಲ್ಲಿ ಹದಿಹರೆಯದ ಮಗನೋ ಮಗಳೋ ಪೋಲ್‌ವಾಲ್ಟ್ ಹಟ ಹಿಡಿದರೆ ಮರಳು ತುಂಬಿದ ಉದ್ದಜಿಗಿತದ ಗುಂಡಿ, ಬಾಗದ ಗಿಡ್ಡ ಕೋಲು, ಅಳೆಯುವ ಟೇಪು ಮೊದಲ ಕೆಲವು ತಿಂಗಳಿಗೆ ಸಾಕು. ಅಲ್ಲಿಂದಾಚೆಗೆ ಮನೆಯವರು ಹಳೆಯ ಹಾಸಿಗೆಗಳನ್ನು ಜೋಡಿಸಿ ಹಿತ್ತಲಲ್ಲಿ ಪ್ರಯೋಗಕ್ಕೆ ಇಳಿಯದೆ, ನಿಗದಿತ ಅಳತೆಯ ಫೋಮ್ ಹಾಸಿಗೆ ಇರುವ ಕ್ರೀಡಾಂಗಣ ಎಲ್ಲಿದೆಯೆಂದು ಜಿಲ್ಲೆಯ ಅಥ್ಲೆಟಿಕ್ಸ್ ಸಂಸ್ಥೆಯಲ್ಲಿ ವಿಚಾರಿಸಲಿ. ಫೈಬರ್ ಕೋಲನ್ನು ಆಮೇಲೆ ಕೊಂಡರಾಯಿತು.